ಅಸ್ಕಟ್ನಿ ಪರ್ವತದ ಸ್ಕೀ ತಾಣ

ಅಸ್ಕಟ್ನಿ ಪರ್ವತದ ಸ್ಕೀ ತಾಣವು ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ವರ್ಮಾಂಟ್ ರಾಜ್ಯದ ವೆಸ್ಟ್ ವಿಂಡ್ಸರ್ ಪಟ್ಟಣದ ಒಂದು ಸಣ್ಣ ಚಳಿಗಾಲದ ಕ್ರೀಡಾಸ್ಥಳ. 1946ರಲ್ಲಿ ಆರಂಭವಾಗಿ, ಹಲವು ಮಾಲೀಕರ ಕೈದಾಟಿ, 2010ರಲ್ಲಿ ಮುಚ್ಚಿಹೋದ ಈ ತಾಣವನ್ನು ಊರಿನವರೇ ಕೊಂಡು, ಹಿಂದಿನದಕ್ಕಿಂತ ಬಹಳ ಚಿಕ್ಕ ಪ್ರಮಾಣದಲ್ಲಿ ಮತ್ತೆ ತೆರೆದರು. ಈಗ ಅದನ್ನು ‘ಅಸ್ಕಟ್ನಿ ಔಟ್‌ಡೋರ್ಸ್’ ಎಂಬ ಲಾಭರಹಿತ ಸಂಸ್ಥೆಯು ಬಹುಮಟ್ಟಿಗೆ ಸ್ವಯಂಸೇವಕರ ದುಡಿಮೆಯಿಂದ ನಡೆಸುತ್ತಿದೆ. ಮುಚ್ಚಿಹೋದ ನೂರಾರು ಸಣ್ಣ ಸ್ಕೀ ತಾಣಗಳಿರುವ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ, ಒಂದು ಊರು ಇಂತಹ ತಾಣವನ್ನು ತನಗೆ ನಿಭಾಯಿಸಲು ಸಾಧ್ಯವಾಗುವಷ್ಟಕ್ಕೆ ಕುಗ್ಗಿಸಿ ಉಳಿಸಿಕೊಂಡ ಉದಾಹರಣೆಯಾಗಿ ಇದು ಗಮನ ಸೆಳೆದಿದೆ.

ಪರ್ವತ ಮತ್ತು ಪರಿಸರ

ಅಸ್ಕಟ್ನಿಯು ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಯಾವ ಶ್ರೇಣಿಗೂ ಸೇರದೆ ಒಂಟಿಯಾಗಿ ನಿಂತಿರುವ ಬೆಟ್ಟ. ಇದರ ಎತ್ತರ ಸಮುದ್ರಮಟ್ಟದಿಂದ 3,144 ಅಡಿ, ಅಂದರೆ ಸುಮಾರು 958 ಮೀಟರ್. ಬೆಂಗಳೂರು ನಗರವು ಹೆಚ್ಚುಕಡಿಮೆ ಇದೇ ಎತ್ತರದಲ್ಲಿದೆ ಎಂದರೆ ಕನ್ನಡದ ಓದುಗರಿಗೆ ಇದು ಪರ್ವತವೆಂಬ ಹೆಸರಿಗೆ ತಕ್ಕುದಲ್ಲವೆಂದು ತೋರಬಹುದು. ಆದರೆ ಸ್ಕೀ ಆಟದಲ್ಲಿ ಎಣಿಕೆಗೆ ಬರುವುದು ಸಮುದ್ರಮಟ್ಟದಿಂದ ಇರುವ ಎತ್ತರವಲ್ಲ, ಬುಡದಿಂದ ತುದಿಯವರೆಗಿನ ಏರಿಕೆ. ಸುತ್ತಲಿನ ಕಣಿವೆ ಬಹಳ ತಗ್ಗಿನಲ್ಲಿರುವುದರಿಂದ ಬೆಟ್ಟವು ದೂರದಿಂದಲೇ ಭವ್ಯವಾಗಿ ಕಾಣುತ್ತದೆ.

ಭೂವಿಜ್ಞಾನದಲ್ಲಿಯೂ ಈ ಬೆಟ್ಟಕ್ಕೆ ಸ್ಥಾನವಿದೆ. ಶಿಲಾರಸವು ಮೇಲಿನ ಬಂಡೆಗಳನ್ನು ತುಂಡುತುಂಡಾಗಿ ಕಳಚಿ ತನ್ನೊಳಗೆ ಮುಳುಗಿಸಿಕೊಳ್ಳುತ್ತಾ ಮೇಲೇರುತ್ತದೆಂಬ ವಾದವನ್ನು ರೆಜಿನಾಲ್ಡ್ ಡೇಲಿ ರೂಪಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಶಿಲೆಗಳ ಅಧ್ಯಯನದಿಂದ.

ಏಳುಬೀಳು

ಅಮೆರಿಕದ ಮೊದಲ ರೋಪ್ ಟೋ, ಅಂದರೆ ಸ್ಕೀ ಮಾಡುವವರನ್ನು ಹಗ್ಗದಿಂದ ಮೇಲಕ್ಕೆಳೆಯುವ ಯಂತ್ರ, 1934ರಲ್ಲಿ ನಡೆದದ್ದು ಇಲ್ಲಿಗೆ ಸಮೀಪದ ವುಡ್‌ಸ್ಟಾಕ್ ಊರಿನ ಹುಲ್ಲುಗಾವಲಿನಲ್ಲಿ. ಅದಕ್ಕೆ ಚಾಲನೆ ಕೊಟ್ಟದ್ದು ಫೋರ್ಡ್ ಕಾರಿನ ಎಂಜಿನ್. ಯುದ್ಧಾನಂತರ ಇಂತಹ ಹಗ್ಗಗಳು ವರ್ಮಾಂಟ್‌ನ ಎಷ್ಟೋ ಹೊಲಗಳಲ್ಲಿ ಕಾಣಿಸಿಕೊಂಡವು. ಅಸ್ಕಟ್ನಿಯೂ ಆ ಕಾಲದ ಕೂಸು.

ಮುಂದಿನ ದಶಕಗಳು ಹಿಗ್ಗಿನವು. 1980ರ ದಶಕದಲ್ಲಿ ಬುಡದಲ್ಲಿ ಹೋಟೆಲು ಎದ್ದಿತು; 2000ದ ಹೊತ್ತಿಗೆ ನಾಲ್ವರು ಒಟ್ಟಿಗೆ ಕೂರುವ ವೇಗದ ಚೇರ್‌ಲಿಫ್ಟ್ ಬಂದಿತು. ಆಗ ಬುಡದಿಂದ ತುದಿಗೆ ಸುಮಾರು 1,800 ಅಡಿಗಳ ಏರಿಕೆಯಿತ್ತು. ಆದರೆ ಹಿಗ್ಗಿದ ಪ್ರತಿ ಹಂತದಲ್ಲೂ ಸಾಲ ಬೆಳೆಯಿತು. ಗ್ರೀನ್ ಪರ್ವತಶ್ರೇಣಿಯ ನಡುಭಾಗಕ್ಕೆ ಬೀಳುವಷ್ಟು ಹಿಮ ಈ ಒಂಟಿ ಬೆಟ್ಟಕ್ಕೆ ಬೀಳುವುದಿಲ್ಲ. ಕಿಲಿಂಗ್ಟನ್, ಓಕೀಮೊಗಳಂತಹ ದೊಡ್ಡ ತಾಣಗಳು ವಾಹನದಲ್ಲಿ ಒಂದು ಗಂಟೆಯೊಳಗಿನ ದೂರದಲ್ಲಿವೆ. ದೊಡ್ಡವರೊಡನೆ ದೊಡ್ಡವರ ಆಟವನ್ನೇ ಆಡಹೊರಟದ್ದು ಈ ತಾಣದ ಮೂಲ ತೊಡಕೆಂದು ಹೇಳಬಹುದು. 2010ರಲ್ಲಿ ಲಿಫ್ಟುಗಳು ನಿಂತವು. ವೇಗದ ಚೇರ್‌ಲಿಫ್ಟನ್ನು ಬಿಚ್ಚಿ ನೆರೆಯ ನ್ಯೂ ಹ್ಯಾಂಪ್‌ಶೈರ್‌ನ ಕ್ರಾಚೆಡ್ ಪರ್ವತಕ್ಕೆ ಸಾಗಿಸಲಾಯಿತು; ಅದು 2012ರಿಂದ ಅಲ್ಲಿ ಓಡುತ್ತಿದೆ.

ಬ್ರೌನ್ಸ್‌ವಿಲ್ ಎಂಬ ಬುಡದ ಹಳ್ಳಿಗೆ ಇದು ಭಾರೀ ಪೆಟ್ಟು. ಮನೆಗಳ ಬೆಲೆ ಇಳಿಯಿತು, ಊರಿನ ದಿನಸಿ ಅಂಗಡಿಯೂ ಮುಚ್ಚಿತು.

ಊರಿನ ಖರೀದಿ

ನ್ಯೂ ಇಂಗ್ಲೆಂಡಿನ ಪಟ್ಟಣಗಳಲ್ಲಿ ಮತದಾರರೆಲ್ಲ ನೇರವಾಗಿ ಊರಿನ ವೆಚ್ಚವನ್ನು ತೀರ್ಮಾನಿಸುವ ಪದ್ಧತಿಯಿದೆ. ನಮ್ಮ ಗ್ರಾಮಸಭೆಗೆ ಹೋಲಿಸಬಹುದು, ಅಧಿಕಾರ ಮಾತ್ರ ಅದಕ್ಕಿಂತ ಹೆಚ್ಚು. 2014ರಲ್ಲಿ ವೆಸ್ಟ್ ವಿಂಡ್ಸರ್‌ನ ಮತದಾರರು ಸ್ಕೀ ತಾಣದ 469 ಎಕರೆ ಭೂಮಿಯನ್ನು ಕೊಳ್ಳಲು ಒಪ್ಪಿಗೆಯಿತ್ತರು. ‘ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್’ ಸಂಸ್ಥೆಯ ನೆರವಿನಿಂದ ಹಣ ಕೂಡಿ, 2015ರ ಕೊನೆಯಲ್ಲಿ ಖರೀದಿ ಪೂರ್ಣಗೊಂಡಿತು. ಈ ಭೂಮಿಯು ಪಟ್ಟಣದ ಸ್ವಂತ ಅರಣ್ಯಕ್ಕೆ ಸೇರಿತು; ಕಟ್ಟಡ ನಿರ್ಮಾಣಕ್ಕೆ ಮಾರಲಾಗದಂತೆ ಕಾನೂನಿನ ನಿರ್ಬಂಧವೂ ಬಿದ್ದಿತು. ಬುಡದ ಹೋಟೆಲು ಈ ಖರೀದಿಗೆ ಸೇರಿರಲಿಲ್ಲ. ಅದು ಇಂದಿಗೂ ಬೇರೆ ಒಡೆತನದಲ್ಲಿದೆ.

ಊರು ಭೂಮಿಯ ಒಡೆಯ, ಸಂಸ್ಥೆ ತಾಣದ ನಿರ್ವಾಹಕ ಎಂಬ ಈ ವ್ಯವಸ್ಥೆಯಲ್ಲಿ ಮೊದಲು ಬಂದದ್ದು ರೋಪ್ ಟೋ. ಬಳಿಕ ಹೊಸ ಕಟ್ಟಡವೂ, 2019-20ರ ಚಳಿಗಾಲದಲ್ಲಿ ಟಿ-ಬಾರ್ ಎಂಬ ಲಿಫ್ಟೂ ಸೇರಿದವು. ಟಿ-ಬಾರ್ ಏರುವುದು 435 ಅಡಿ ಮಾತ್ರ. ಹಳೆಯ ತಾಣದ ಪೂರ್ಣ ಏರಿಕೆಯ ನಾಲ್ಕನೆಯ ಒಂದು ಭಾಗಕ್ಕೂ ತುಸು ಕಡಿಮೆ. ಮಿಕ್ಕ ಮುಕ್ಕಾಲು ಬೆಟ್ಟಕ್ಕೆ ಯಂತ್ರವಿಲ್ಲ. ಈ ತಾಣದ ಸ್ವರೂಪವನ್ನು ನಿರ್ಧರಿಸುವ ಸಂಗತಿ ಇದೇ.

ಯಾರಿಗೆ ಏನು ದೊರೆಯುತ್ತದೆ

ಹೊಸದಾಗಿ ಕಲಿಯುವವರಿಗೆ, ವಿಶೇಷವಾಗಿ ಮಕ್ಕಳಿಗೆ, ಈ ಚಿಕ್ಕ ಅಳತೆಯೇ ಅನುಕೂಲ. ದೊಡ್ಡ ತಾಣಗಳಲ್ಲಿ ಒಂದು ದಿನದ ಟಿಕೆಟ್ಟಿನ ದರ ನೂರಾರು ಡಾಲರ್ ಮುಟ್ಟಿರುವಾಗ, ಒಂದು ಕುಟುಂಬ ಸ್ಕೀ ಕಲಿಯಬಹುದೇ ಇಲ್ಲವೇ ಎಂಬುದನ್ನು ಮಕ್ಕಳ ಆಸಕ್ತಿಗಿಂತ ಮೊದಲು ಹಣ ನಿರ್ಧರಿಸುತ್ತದೆ. ಅಸ್ಕಟ್ನಿಯ ದರ ಅದರ ಒಂದು ಸಣ್ಣ ಪಾಲು. ಇಳಿಜಾರಿನ ಬಹುಭಾಗ ಬುಡದಿಂದಲೇ ಕಾಣುವುದರಿಂದ ತಂದೆತಾಯಂದಿರು ಕೆಳಗೆ ನಿಂತೇ ಮಗುವಿನ ಮೇಲೆ ಕಣ್ಣಿಟ್ಟಿರಬಹುದು.

ಲಿಫ್ಟನ್ನು ಬಳಸುವುದೂ ಇಲ್ಲಿ ಕಲಿಕೆಯ ಭಾಗ. ರೋಪ್ ಟೋವಿನಲ್ಲಿ ಓಡುತ್ತಿರುವ ಹಗ್ಗವನ್ನು ಕೈಯಿಂದ ಹಿಡಿಯಬೇಕು. ಒಮ್ಮೆಗೇ ಬಿಗಿಯಾಗಿ ಹಿಡಿದರೆ ಮುಗ್ಗರಿಸುವುದು ಖಂಡಿತ. ಮೊದಲು ಸಡಿಲವಾಗಿ, ಬಳಿಕ ಮೆಲ್ಲನೆ ಗಟ್ಟಿಯಾಗಿ ಹಿಡಿಯುವುದು ಕ್ರಮ. ತೆಳು ಕೈಗವಸು ಒಂದೆರಡು ದಿನಗಳಲ್ಲೇ ಸವೆಯುತ್ತದೆ. ಟಿ-ಬಾರ್ ಎಂದರೆ ತಲೆಕೆಳಗಾದ ‘ಟಿ’ ಅಕ್ಷರದಂತಹ ದಂಡ. ಇಬ್ಬರು ಅದರ ಎರಡು ತೋಳುಗಳಿಗೆ ತೊಡೆಯ ಹಿಂಭಾಗವನ್ನು ಒರಗಿಸಿ ನಿಲ್ಲುತ್ತಾರೆ, ಅದು ಅವರನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಆಸನವೆಂದು ಭಾವಿಸಿ ಕುಳಿತವರು ಹಿಮದ ಮೇಲೆ ಕೂರುತ್ತಾರೆ. ಎತ್ತರದಲ್ಲಿ ವ್ಯತ್ಯಾಸವಿರುವ ತಂದೆ-ಮಗಳ ಜೋಡಿಗೆ ಇದು ಸಾಕಷ್ಟು ಪರೀಕ್ಷೆಯೇ ಸರಿ.

ಸ್ಕೀ ಬಾರದವರಿಗೂ, ಕಲಿಯಲು ಮನಸ್ಸಿಲ್ಲದವರಿಗೂ ಗಾಳಿ ತುಂಬಿದ ಕೊಳವೆಯ ಮೇಲೆ ಕುಳಿತು ಜಾರುವ ಪ್ರತ್ಯೇಕ ಓಣಿಗಳಿವೆ.

ಇನ್ನೊಂದು ತುದಿಯಲ್ಲಿ, ನುರಿತ ಸ್ಕೀಪಟುಗಳಿಗೆ ಈ ಬೆಟ್ಟ ಕೊಡುವುದು ಹೇರಳ. ಟಿ-ಬಾರ್ ಮುಗಿಯುವ ಜಾಗದಿಂದ ಮೇಲೆ ಹಳೆಯ ಹಾದಿಗಳು ಹಾಗೆಯೇ ಇವೆ. ಅಲ್ಲಿಗೆ ಹೋಗಲು ಸ್ವಂತ ಕಾಲ್ಬಲವೇ ಬೇಕು. ಸ್ಕೀಯ ತಳಕ್ಕೆ ‘ಸ್ಕಿನ್’ ಎಂಬ ಪಟ್ಟಿಯನ್ನು ಅಂಟಿಸುತ್ತಾರೆ. ಒಂದೇ ದಿಕ್ಕಿಗೆ ಒರಗಿದ ಅದರ ನವಿರುಗಳು ಮುಂದಕ್ಕೆ ಜಾರಗೊಟ್ಟು ಹಿಂದಕ್ಕೆ ಸರಿಯದಂತೆ ತಡೆಯುತ್ತವೆ. ಹಿಂದೆ ಇವನ್ನು ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು, ಹೆಸರು ಉಳಿದದ್ದು ಅದರಿಂದ. ಈಗ ನೈಲಾನ್ ಅಥವಾ ಮೊಹೇರ್ ಉಣ್ಣೆಯವು ಬಳಕೆಯಲ್ಲಿವೆ. ಹಿಮ್ಮಡಿ ಮೇಲೇಳುವಂತಹ ಕಟ್ಟು ಬೂಟಿಗೆ ಬೇಕು. ಹತ್ತಿದ ಬಳಿಕ ಪಟ್ಟಿಯನ್ನು ಬಿಚ್ಚಿ, ಹಿಮ್ಮಡಿಯನ್ನು ಬಿಗಿದು, ಇಳಿಯುವುದು. ಒಂದು ಗಂಟೆಗೂ ಮಿಕ್ಕ ಏರಿಕೆ ಕೆಲವೇ ನಿಮಿಷಗಳ ಇಳಿತಕ್ಕಾಗಿ. ಹೊರಗಿನವರಿಗೆ ಇದು ನಷ್ಟದ ವ್ಯಾಪಾರವೆನಿಸಿದರೂ ಈ ಬಗೆಯ ಸ್ಕೀಗೆ ಒಲಿದವರ ಸಂಖ್ಯೆ ಹೆಚ್ಚುತ್ತಲೇ ಇದೆ. ಯಂತ್ರಗಳು ಹಿಮವನ್ನು ಹಾಸಿ ಸಮಗೊಳಿಸದ ಹಾದಿಗಳು, ಮರಗಳ ನಡುವಿನ ಓಣಿಗಳು, ಜನದಟ್ಟಣೆಯಿಲ್ಲದ ಮೌನ ಅವರಿಗೆ ಬೇಕಾದವು. ಎಚ್ಚರಿಕೆಯ ಮಾತೊಂದಿದೆ: ಮೇಲ್ಭಾಗವನ್ನು ಕೆಳಗಿನ ಇಳಿಜಾರಿನಂತೆ ಕಾಯ್ದು ನೋಡಿಕೊಳ್ಳುವ ಏರ್ಪಾಡಿಲ್ಲ. ಹಿಮದಡಿ ಬಂಡೆ, ಬುಡ್ಡೆ, ತೊರೆ ಇರಬಹುದು. ಒಂಟಿಯಾಗಿ ಹೋಗದಿರುವುದೂ ಹಗಲಿನ ಉಳಿಕೆಯನ್ನು ಲೆಕ್ಕ ಹಾಕಿಯೇ ಹೊರಡುವುದೂ ಒಳಿತು.

ಕೊರತೆ ಕಾಣುವುದು ನಡುವಿನವರಿಗೆ. ಚೆನ್ನಾಗಿ ಇಳಿಯಬಲ್ಲ, ಆದರೆ ನಡೆದು ಹತ್ತಲು ಇಷ್ಟಪಡದ, ಉದ್ದವಾದ ಹದಗೊಳಿಸಿದ ಹಾದಿಗಳನ್ನು ಬಯಸುವ ಸ್ಕೀಪಟುವಿಗೆ 435 ಅಡಿಗಳ ಇಳಿತ ಅರ್ಧ ದಿನದಲ್ಲಿ ಬೇಸರ ತರಿಸಬಹುದು. ಅಂಥವರು ಓಕೀಮೊಗೆ ಹೋಗುವುದೇ ಮೇಲು. ಹಳೆಯ ಅಸ್ಕಟ್ನಿ ಮುಖ್ಯವಾಗಿ ಹಂಬಲಿಸಿದ್ದು ಈ ಗಿರಾಕಿಯನ್ನೇ. ಹೊಸ ಅಸ್ಕಟ್ನಿ ಅವನನ್ನು ಕೈಬಿಟ್ಟಿದೆ.

ಹಿಮದ ಅವಲಂಬನೆ

ಹಳೆಯ ತಾಣದಲ್ಲಿ ಕೃತಕ ಹಿಮದ ಯಂತ್ರಗಳಿದ್ದವು. ಅವುಗಳಿಗೆ ಬೇಕಾಗುವ ನೀರು, ವಿದ್ಯುತ್ತು, ಕೊಳವೆಗಳ ವೆಚ್ಚ ಒಂದು ಹಳ್ಳಿಯ ಸಂಸ್ಥೆಯ ಶಕ್ತಿಗೆ ಮೀರಿದ್ದು. ಪುನರಾರಂಭಗೊಂಡ ತಾಣವು ಆಕಾಶದಿಂದ ಬೀಳುವ ಹಿಮವನ್ನೇ ನಂಬಿ ನಡೆಯಿತು. ಬಿದ್ದರೆ ವಾರಾಂತ್ಯಗಳಲ್ಲಿ ಲಿಫ್ಟು ಓಡುತ್ತದೆ, ಬೀಳದಿದ್ದರೆ ಇಲ್ಲ. ಸಂಬಳದ ನೌಕರರೂ ಸಾಲದ ಕಂತುಗಳೂ ಕಡಿಮೆಯಿದ್ದುದರಿಂದ ಲಿಫ್ಟು ಓಡದ ದಿನವೂ ಸಂಸ್ಥೆಯನ್ನು ಮುಳುಗಿಸಲಿಲ್ಲ.

ಆದರೂ ಇದು ನಿಶ್ಚಿಂತೆಯ ಸ್ಥಿತಿಯಲ್ಲ. ವರ್ಮಾಂಟ್‌ನ ಚಳಿಗಾಲಗಳು ಬೆಚ್ಚಗಾಗುತ್ತಿವೆ. ತಗ್ಗಿನ ಎತ್ತರಗಳಲ್ಲಿ ಹಿಮದ ಬದಲು ಮಳೆ ಸುರಿಯುವ ದಿನಗಳು ಹೆಚ್ಚಿವೆ. ಟಿ-ಬಾರ್ ಇರುವುದು ಬೆಟ್ಟದ ಬುಡದಲ್ಲಿ, ಹಿಮ ಮೊದಲು ಕರಗುವ ಕಡೆ. ಮೇಲಿನ ಹಾದಿಗಳಲ್ಲಿ ಹಿಮ ಹೆಚ್ಚು ಕಾಲ ನಿಲ್ಲುವುದರಿಂದ, ಕೆಟ್ಟ ವರ್ಷದಲ್ಲಿ ಹತ್ತಿ ಹೋಗುವವರಿಗೆ ಸಿಗುವುದು ಮಕ್ಕಳಿಗೆ ಸಿಗದೇ ಹೋಗಬಹುದು. ಹಿಮದಷ್ಟೇ ಅನಿಶ್ಚಿತವಾದದ್ದು ಸ್ವಯಂಸೇವಕರ ಬಲ. ಹಾದಿಗಳ ಪೊದೆ ಸವರುವುದರಿಂದ ಹಿಡಿದು ಟಿಕೆಟ್ ಕೊಡುವವರೆಗೆ ಬಹಳಷ್ಟು ಕೆಲಸ ಊರಿನವರದೇ. ಅವರಿಗೆ ವಯಸ್ಸಾದಂತೆ ಹೊಸಬರು ಬರಬೇಕಾಗುತ್ತದೆ. ಈ ವಿಷಯದಲ್ಲಿ ಜನಗಣತಿ ತುಸು ಭರವಸೆ ಕೊಡುತ್ತದೆ: 2010ರಲ್ಲಿ 1,099 ಇದ್ದ ಪಟ್ಟಣದ ಜನಸಂಖ್ಯೆ 2020ರಲ್ಲಿ 1,344 ಆಯಿತು. ಇದಕ್ಕೆಲ್ಲ ಬೆಟ್ಟವೇ ಕಾರಣವೆನ್ನಲಾಗದು. ಮುಚ್ಚಿದ್ದ ದಿನಸಿ ಅಂಗಡಿಯೂ 2018ರಲ್ಲಿ ಹೊಸ ಹೆಸರಿನಿಂದ ಮತ್ತೆ ತೆರೆಯಿತು.

ಇತರ ಋತುಗಳಲ್ಲಿ

ಹಿಮ ಕರಗಿದ ಬಳಿಕ ಅದೇ ಅರಣ್ಯದ ಹಾದಿಗಳು ಬೆಟ್ಟದ ಸೈಕಲ್ ಸವಾರರಿಗೂ ಚಾರಣಿಗರಿಗೂ ತೆರೆದಿರುತ್ತವೆ. ಬೆಟ್ಟದ ಮೇಲಿನಿಂದ ಹ್ಯಾಂಗ್ ಗ್ಲೈಡರ್‌ಗಳು ಹಾರುತ್ತವೆ. 1930ರ ದಶಕದಲ್ಲಿ ಸರ್ಕಾರದ ಉದ್ಯೋಗ ಯೋಜನೆಯ ತರುಣರು ನಿರ್ಮಿಸಿದ ವಾಹನ ರಸ್ತೆಯು ಬೆಟ್ಟದ ಮತ್ತೊಂದು ಬದಿಯ ರಾಜ್ಯ ಉದ್ಯಾನದಲ್ಲಿದ್ದು, ಅದು ಸ್ಕೀ ತಾಣಕ್ಕೆ ಸೇರಿದ್ದಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲಿ ನಡೆಯುವ ‘ವರ್ಮಾಂಟ್ 50’ ಎಂಬ ಐವತ್ತು ಮೈಲಿಗಳ ಸೈಕಲ್ ಮತ್ತು ಓಟದ ಸ್ಪರ್ಧೆಯ ಆದಾಯವು ಅಂಗವಿಕಲರಿಗೆ ಸ್ಕೀ ಮೊದಲಾದ ಕ್ರೀಡೆಗಳನ್ನು ಕಲಿಸುವ ‘ವರ್ಮಾಂಟ್ ಅಡಾಪ್ಟಿವ್’ ಸಂಸ್ಥೆಗೆ ಸಲ್ಲುತ್ತದೆ.