ಕ್ಯಾನ್ಸರ್ ಕೋಶಗಳನ್ನು ಪ್ಲಾಸ್ಟಿಕ್ ಹಿಡಿಯುತ್ತದೆಯೇ?

“ಜಪಾನಿನ ಪ್ಲಾಸ್ಟಿಕ್ ರಕ್ತ ಸೋಸಿ ಕ್ಯಾನ್ಸರ್ ತೆಗೆದುಹಾಕುತ್ತದೆ, ಇನ್ನು ಕೀಮೋ ಬೇಡ” ಎಂಬಂಥ ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬರಬಹುದು. ಇದರಲ್ಲಿ ಅರ್ಧ ನಿಜವಿದೆ. ಅಪಾಯವಿರುವುದು ಇನ್ನರ್ಧದಲ್ಲಿ.

ಗಡ್ಡೆಯಿಂದ ಕಳಚಿಕೊಂಡ ಕೆಲವು ಕೋಶಗಳು ರಕ್ತದಲ್ಲಿ ಓಡಾಡುತ್ತವೆ. ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್ 1869ರಲ್ಲೇ ಇದನ್ನು ದಾಖಲಿಸಿದ್ದರು. ಆದರೆ ಅವುಗಳನ್ನು ಹುಡುಕುವುದು ಸುಲಭವಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣಗಳಿರುತ್ತವೆ. ಕ್ಯಾನ್ಸರ್ ಕೋಶ ಒಂದೋ ಎರಡೋ, ಎಷ್ಟೋ ಸಲ ಅದೂ ಇಲ್ಲ.

2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಲ್‌ಸರ್ಚ್ ಪರೀಕ್ಷೆ, ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು ಗುರುತಿಸುವ ಪ್ರತಿಕಾಯಗಳಿಂದ ಈ ಕೋಶಗಳನ್ನು ಹಿಡಿಯುತ್ತದೆ. ಆ ಪ್ರೋಟೀನ್ ಕಡಿಮೆಯಿರುವ ಕೋಶಗಳು ತಪ್ಪಿಸಿಕೊಳ್ಳುತ್ತವೆ.

ಇಲ್ಲಿಯೇ ಪಾಲಿಮರ್ ಬರುವುದು. ಸಾಮಾನ್ಯ ಪ್ಲಾಸ್ಟಿಕ್‌ಗೆ ರಕ್ತ ತಾಗಿದರೆ ಫೈಬ್ರಿನೋಜನ್‌ನಂಥ ಪ್ರೋಟೀನುಗಳು ಅಂಟಿ ಆಕಾರ ಬದಲಿಸುತ್ತವೆ. ಅವುಗಳ ಮೇಲೆ ಪ್ಲೇಟ್‌ಲೆಟ್‌ಗಳು ಕೂರುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಪಿಎಂಇಎ ಎಂಬ ಪಾಲಿಮರ್ ಹಾಗಲ್ಲ. ಹೃದಯದ ಆಪರೇಷನ್ ವೇಳೆ ಬಳಸುವ ಕೃತಕ ಶ್ವಾಸಕೋಶಗಳ ಒಳಗೆ ಇದರ ಲೇಪನವನ್ನು ಬಳಸುತ್ತಾರೆ. ಅದು ನೀರಿನ ಒಂದಂಶವನ್ನು ತೀರಾ ಬಿಗಿಯಾಗಿಯೂ ಅಲ್ಲ, ತೀರಾ ಸಡಿಲವಾಗಿಯೂ ಅಲ್ಲ ಎಂಬಂತೆ ಹಿಡಿದಿಡುತ್ತದೆ. ಈ ನಡುವಿನ ನೀರೇ ಪ್ರೋಟೀನುಗಳು ಗಟ್ಟಿಯಾಗಿ ಅಂಟದಂತೆ ತಡೆಯುತ್ತದೆ ಎಂಬುದು ಕ್ಯೂಷೂ ವಿಶ್ವವಿದ್ಯಾಲಯದ ಮಸಾರು ತನಾಕಾ ಅವರ ವಿವರಣೆ. ನಮಗೆ ಅಚ್ಚರಿ ತಂದಿದ್ದು ಮುಂದಿನ ಸಂಗತಿ: ಪ್ಲೇಟ್‌ಲೆಟ್ ಅಂಟದ ಇದೇ ಮೇಲ್ಮೈಗೆ ಕ್ಯಾನ್ಸರ್ ಕೋಶಗಳು ಅಂಟುತ್ತವೆ! ಎಪ್‌ಕ್ಯಾಮ್‌ನ ಹಂಗೂ ಬೇಕಿಲ್ಲ.

ಇನ್ನು ಫಾರ್ವರ್ಡ್‌ನ ಸುಳ್ಳಿಗೆ ಬರೋಣ. ಪ್ರಯೋಗಾಲಯದಲ್ಲಿ ಈ ಕೋಶಗಳನ್ನು ಹಿಡಿಯುವುದು ಎಣಿಸಲು, ಗುಣ ತಿಳಿಯಲು. ದೇಹದ ರಕ್ತವನ್ನೆಲ್ಲ ಸೋಸಲು ಅಲ್ಲ. ಸೋಸಿದರೂ ಗಡ್ಡೆ ತನ್ನ ಜಾಗದಲ್ಲೇ ಇದ್ದು ಹೊಸ ಕೋಶಗಳನ್ನು ಬಿಡುತ್ತಿರುತ್ತದೆ. ಮನೆಯಲ್ಲಿ ಯಾರಾದರೂ ಇಂಥ ಸಂದೇಶ ನಂಬಿ ಕೀಮೋ ನಿಲ್ಲಿಸುವ ಮಾತಾಡಿದರೆ, ಮುಂದಿನ ಡೋಸ್ ತಪ್ಪುವ ಮೊದಲೇ ಅವರ ಕ್ಯಾನ್ಸರ್ ವೈದ್ಯರ ಬಳಿ ಕರೆದೊಯ್ಯಿರಿ.

ಎಣಿಕೆಗೂ ಮಿತಿಯಿದೆ. ಕೀಮೋದ ಮೊದಲ ಸುತ್ತಿನ ಬಳಿಕವೂ ಈ ಕೋಶಗಳು ಹೆಚ್ಚೇ ಉಳಿದಿದ್ದ, ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರ್ ಇದ್ದವರಲ್ಲಿ ಕೆಲವರಿಗೆ ಕೂಡಲೇ ಔಷಧ ಬದಲಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಬದಲಿಸಿದವರ ಆಯುಷ್ಯವೇನೂ ಹೆಚ್ಚಲಿಲ್ಲ.