ಸ್ಟಾಕ್‌ಹೋಮಿನಿಂದ ಪೈಠಣಕ್ಕೆ ಎಷ್ಟು ದೂರ?

1972ರ ಜೂನ್ 14ರಂದು ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಇಂದಿರಾ ಗಾಂಧಿ ಮಾತನಾಡಲು ಎದ್ದುನಿಂತರು. ಮಾನವ ಪರಿಸರದ ಬಗ್ಗೆ ವಿಶ್ವಸಂಸ್ಥೆ ಕರೆದ ಮೊದಲ ದೊಡ್ಡ ಸಮ್ಮೇಳನ ಅದು. 113 ದೇಶಗಳ ಪ್ರತಿನಿಧಿಗಳು ಬಂದಿದ್ದರು. ಆದರೆ ಆತಿಥೇಯ ಪ್ರಧಾನಿ ಓಲೋಫ್ ಪಾಲ್ಮೆ ಅವರನ್ನು ಬಿಟ್ಟರೆ, ಸರ್ಕಾರದ ಮುಖ್ಯಸ್ಥರಾಗಿ ಅಲ್ಲಿಗೆ ಬಂದವರು ಭಾರತದ ಪ್ರಧಾನಿ ಒಬ್ಬರೇ. ಬಡತನ ಮತ್ತು ಅಭಾವಗಳೇ ಎಲ್ಲಕ್ಕಿಂತ ದೊಡ್ಡ ಮಾಲಿನ್ಯಕಾರಕಗಳಲ್ಲವೇ ಎಂದು ಅವರು ಅಲ್ಲಿ ಕೇಳಿದರು. ಆ ಪ್ರಶ್ನೆಯನ್ನು ಜಗತ್ತು ಇವತ್ತಿಗೂ ಬೇರೆ ಬೇರೆ ಅರ್ಥದಲ್ಲಿ ಉದ್ಧರಿಸುತ್ತಲೇ ಇದೆ.

ಅದೇ ವರ್ಷ ಮುಂಗಾರು ಕೈಕೊಟ್ಟಿತು. ಮಹಾರಾಷ್ಟ್ರಕ್ಕೆ ಆಗಲೇ ಎರಡು ವರ್ಷದಿಂದ ಮಳೆ ಸರಿಯಾಗಿ ಬಿದ್ದಿರಲಿಲ್ಲ. 1972-73ರ ಬರ ಮರಾಠವಾಡಾದ ಬೆನ್ನುಮೂಳೆಯನ್ನೇ ಮುರಿಯಿತು. 1973ರ ಬೇಸಿಗೆಯ ಹೊತ್ತಿಗೆ ರಾಜ್ಯದ ಬರ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ಕಲ್ಲು ಒಡೆಯುತ್ತಿದ್ದರು, ಮಣ್ಣು ಹೊರುತ್ತಿದ್ದರು. ದುಡಿಯುವ ಕೈಗೆ ಕೆಲಸ ಕೊಡುವುದು ಸರ್ಕಾರದ ಕರ್ತವ್ಯ ಎಂಬ ಮಹಾರಾಷ್ಟ್ರದ ಉದ್ಯೋಗ ಖಾತರಿ ಕಾಯ್ದೆ ಹುಟ್ಟಿದ್ದು ಆ ಬರದ ಅನುಭವದಿಂದ. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾಯ್ದೆಗೂ ಅದೇ ಮಾದರಿ.

ಸ್ಟಾಕ್‌ಹೋಮಿನ ಭಾಷಣ, ಮರಾಠವಾಡಾದ ಬರ ಎರಡೂ ಒಂದೇ ವರ್ಷದವು. ಇವನ್ನು ಪಕ್ಕಪಕ್ಕದಲ್ಲಿ ಇಟ್ಟ ಕೂಡಲೇ ಒಂದು ಹಳೆಯ ಪ್ರಶ್ನೆ ಏಳುತ್ತದೆ. ಮನೆಯಲ್ಲಿ ಬಾವಿ ಬತ್ತಿರುವಾಗ ದೇಶದ ನಾಯಕರು ವಿಮಾನ ಹತ್ತಿ ಪರದೇಶದ ಪರಿಸರ ಸಭೆಗಳಿಗೆ ಹೋಗಬೇಕೆ? ಹೋಗಿ ಬಂದರೆ ಗೋದಾವರಿಯಲ್ಲಿ ನೀರು ಹೆಚ್ಚುತ್ತದೆಯೇ? ಉತ್ತರ ಹುಡುಕಲು ಗೋದಾವರಿಯ ದಂಡೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕನ್ನಡಿಗರಿಗೆ ಈ ನದಿ ಪರಕೀಯವಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗುರುತಿಸಿದ್ದು ಗೋದಾವರಿಯಿಂದಲೇ. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಸಿದವರು ರಾಷ್ಟ್ರಕೂಟರು. 1956ರವರೆಗೆ ಬೀದರ್, ರಾಯಚೂರು, ಕಲಬುರಗಿಗಳೂ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಔರಂಗಾಬಾದೇ 2023ರಿಂದ ಛತ್ರಪತಿ ಸಂಭಾಜಿನಗರ.

ಗೋದಾವರಿ ಹುಟ್ಟುವುದು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಘಟ್ಟದ ಮಳೆ ಬೀಳುವುದು ಅಲ್ಲೇ. ಪೂರ್ವಕ್ಕೆ ಹರಿದಂತೆ ಮಳೆ ಕಡಿಮೆಯಾಗುತ್ತಾ ಹೋಗಿ, ಮಳೆನೆರಳಿನ ಮರಾಠವಾಡಾ ಎದುರಾಗುತ್ತದೆ. ಬ್ರಿಟಿಷರ ಕಾಲದಲ್ಲೇ ಮೇಲ್ದಂಡೆಯಲ್ಲಿ ದಾರಣಾ, ಭಂಡಾರದರಾ ಅಣೆಕಟ್ಟುಗಳು ಎದ್ದಿದ್ದವು. ಸ್ವಾತಂತ್ರ್ಯದ ನಂತರ ನಾಸಿಕ ನಗರದ ಪಕ್ಕದಲ್ಲೇ ಗಂಗಾಪುರ ಅಣೆಕಟ್ಟು ಬಂತು. ಕೆಳದಂಡೆಯಲ್ಲಿ, ಸಂತ ಏಕನಾಥರ ಪೈಠಣದಲ್ಲಿ, 1965ರ ಅಕ್ಟೋಬರ್ 18ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಜಾಯಕವಾಡಿ ಯೋಜನೆಗೆ ಅಡಿಗಲ್ಲು ಇಟ್ಟರು. ಬೀಡ್ ಜಿಲ್ಲೆಯ ಜಾಯಕವಾಡಿ ಎಂಬ ಹಳ್ಳಿಯ ಬಳಿ ಕಟ್ಟಬೇಕೆಂದಿದ್ದ ಅಣೆಕಟ್ಟು ಅದು. ಜಾಗ ಬದಲಾದರೂ ಹೆಸರು ಉಳಿಯಿತು. 1976ರ ಫೆಬ್ರವರಿ 24ರಂದು ಅದನ್ನು ಉದ್ಘಾಟಿಸಿದವರು ಇಂದಿರಾ ಗಾಂಧಿ. ನಾಥಸಾಗರ ಎಂದು ಕರೆಯುವ ಈ ಜಲಾಶಯದಲ್ಲಿ ತುಂಬಿದಾಗ ಸುಮಾರು 102 ಟಿಎಂಸಿ ನೀರು ನಿಲ್ಲುತ್ತದೆ. ಬಳಕೆಗೆ ಸಿಗುವುದು ಅದರಲ್ಲಿ ಸುಮಾರು 76 ಟಿಎಂಸಿ.

ಸ್ಟಾಕ್‌ಹೋಮಿಗೆ ಹೋದ ಪ್ರಧಾನಿಯೇ ಪೈಠಣಕ್ಕೂ ಬಂದರು. ಎರಡರಲ್ಲಿ ಯಾವುದು ಮರಾಠವಾಡಾಕ್ಕೆ ಹೆಚ್ಚು ಉಪಕಾರ ಮಾಡಿತು ಎಂದು ಕೇಳಿದರೆ ಯಾರಾದರೂ ಅಣೆಕಟ್ಟನ್ನೇ ತೋರಿಸುತ್ತಾರೆ. ಅಣೆಕಟ್ಟು ಕಣ್ಣಿಗೆ ಕಾಣುತ್ತದೆ, ಸ್ಟಾಕ್‌ಹೋಮಿನಿಂದ ಬಂದದ್ದು ಕಾನೂನಿನ ಪುಟಗಳಲ್ಲಿದೆ.

ಸಂವಿಧಾನದಲ್ಲಿ ನೀರು ಮುಖ್ಯವಾಗಿ ರಾಜ್ಯಗಳ ವಿಷಯ. ಹಾಗಾಗಿ 1974ರಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ತರಲು ಸಂಸತ್ತು ರಾಜ್ಯಗಳ ಒಪ್ಪಿಗೆಯನ್ನು ಕಾಯಬೇಕಾಯಿತು. 252ನೇ ವಿಧಿಯಂತೆ ಕರ್ನಾಟಕ ಸೇರಿ 12 ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿಕೊಟ್ಟ ಮೇಲೆ ಕಾಯ್ದೆ ಬಂತು. ಆ ಮೊದಲ ಪಟ್ಟಿಯಲ್ಲಿ ಮಹಾರಾಷ್ಟ್ರ ಇರಲಿಲ್ಲ. 1981ರ ವಾಯುಮಾಲಿನ್ಯ ಕಾಯ್ದೆಗೆ ಈ ತೊಡಕು ಎದುರಾಗಲಿಲ್ಲ. ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಆದ ತೀರ್ಮಾನವನ್ನು ಜಾರಿಗೆ ತರಲು ಇಡೀ ದೇಶಕ್ಕೆ ಕಾನೂನು ಮಾಡುವ ಅಧಿಕಾರವನ್ನು 253ನೇ ವಿಧಿ ಸಂಸತ್ತಿಗೆ ಕೊಡುತ್ತದೆ. ಆ ಕಾಯ್ದೆಯ ಪೀಠಿಕೆಯಲ್ಲೇ 1972ರ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರಿದೆ, ಅದರಲ್ಲಿ ಭಾರತ ಭಾಗವಹಿಸಿತ್ತು ಎಂಬ ಮಾತಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯೂ ಅದನ್ನೇ ಹೇಳುತ್ತದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಸ್ಟಾಕ್‌ಹೋಮಿನ ಜತೆಗೆ 1992ರ ರಿಯೋ ಸಮ್ಮೇಳನವನ್ನೂ ಸೇರಿಸುತ್ತದೆ. ಒಂದು ಊರಿನ ಜನ ಕಾರ್ಖಾನೆಯ ಹೊಗೆಯ ವಿರುದ್ಧ ಇವತ್ತು ದೂರು ಕೊಟ್ಟರೆ, ಆ ದೂರಿನ ಬೇರು ಸ್ಟಾಕ್‌ಹೋಮಿನವರೆಗೆ ಹೋಗುತ್ತದೆ.

ಇಲ್ಲೊಂದು ಆಕ್ಷೇಪಕ್ಕೆ ಜಾಗವಿದೆ. ಕಾನೂನಿಗೆ ಬೇಕಾದದ್ದು ಭಾರತ ಭಾಗವಹಿಸಿತ್ತು ಎಂಬುದಷ್ಟೇ. ಪ್ರಧಾನಿಯೇ ಹೋಗಬೇಕಿತ್ತೆಂದು ಯಾವ ಪೀಠಿಕೆಯೂ ಹೇಳುವುದಿಲ್ಲ. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ 18 ದೇಶಗಳ ಪ್ರತಿನಿಧಿಗಳು ಸೇರಿ ಜೌಗು ನೆಲಗಳ ಒಪ್ಪಂದ ಮಾಡಿಕೊಂಡಾಗ ನಾಯಕರ ಮೆರವಣಿಗೆ ಇರಲಿಲ್ಲ. ಅದೇ ಒಪ್ಪಂದದ ಪಟ್ಟಿಗೆ 2020ರಲ್ಲಿ ನಾಸಿಕ ಜಿಲ್ಲೆಯ ನಾಂದೂರ್ ಮಧ್ಮೇಶ್ವರ ಸೇರಿತು. ಇಡೀ ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ ಅದು. ಗಂಗಾಪುರ, ದಾರಣಾಗಳಿಂದ ಜಾಯಕವಾಡಿಗೆ ಬಿಡುವ ನೀರು ಆ ಒಡ್ಡನ್ನು ದಾಟಿಯೇ ಹೋಗಬೇಕು. ಅಧಿಕಾರಿಗಳು, ತಜ್ಞರು ಕೂತು ಬಗೆಹರಿಸುವ ಕೆಲಸಗಳು ಇವೆ, ಅವು ಚೆನ್ನಾಗಿಯೇ ನಡೆಯುತ್ತವೆ.

ಹವಾಮಾನದ ವ್ಯಾಜ್ಯ ಆ ಜಾತಿಯದಲ್ಲ. ಅದು ನಾಸಿಕ ಮತ್ತು ಮರಾಠವಾಡಾದ ವ್ಯಾಜ್ಯದ ಜಾತಿಯದು.

ಜಾಯಕವಾಡಿ ಆದ ಮೇಲೂ ನಾಸಿಕ ಮತ್ತು ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಗಳಲ್ಲಿ ಹೊಸ ಹೊಸ ಜಲಾಶಯಗಳು ಎದ್ದವು. ಮಳೆ ಚೆನ್ನಾಗಿದ್ದ ವರ್ಷ ಯಾರಿಗೂ ತೊಂದರೆಯಿಲ್ಲ. ಮಳೆ ಕಡಿಮೆಯಾದ ವರ್ಷ ಮೇಲಿನ ಜಲಾಶಯಗಳು ಮೊದಲು ತುಂಬುತ್ತವೆ, ನಾಥಸಾಗರ ತಳ ಕಾಣುತ್ತದೆ. ಕೆಳಗಿನವರು ನೀರು ಬಿಡಿ ಎನ್ನುತ್ತಾರೆ. ನಮ್ಮ ದ್ರಾಕ್ಷಿ ತೋಟ, ಕಬ್ಬು, ನಗರದ ಕುಡಿಯುವ ನೀರು ಏನಾಗಬೇಕು ಎಂದು ಮೇಲಿನವರು ಕೇಳುತ್ತಾರೆ. ಕಾವೇರಿಯ ಸಂಕಷ್ಟ ವರ್ಷಗಳನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಎರಡೂ ಕಡೆ ಒಂದೇ ರಾಜ್ಯ, ಒಂದೇ ಭಾಷೆ.

ಜಗತ್ತಿನ ಗಾಳಿಯಲ್ಲೂ ಇಂಥದೇ ಮೇಲ್ದಂಡೆ, ಕೆಳದಂಡೆಗಳಿವೆ. ಮೊದಲು ಕೈಗಾರಿಕೆ ಕಟ್ಟಿದ ದೇಶಗಳು ಆಕಾಶದ ಪಾಲನ್ನು ಮೊದಲು ಬಳಸಿಕೊಂಡವು. ತಡವಾಗಿ ಬಂದವರಿಗೆ ಉಳಿದದ್ದು ಕಡಿಮೆ, ಬಿಸಿಲಿನ ಪೆಟ್ಟು ಹೆಚ್ಚು. ಭಾರತದ ಸ್ಥಿತಿ ಇನ್ನೂ ಸಿಕ್ಕಲು. ತಲಾ ಲೆಕ್ಕದಲ್ಲಿ ಭಾರತೀಯನೊಬ್ಬ ವರ್ಷಕ್ಕೆ ಹೊರಸೂಸುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕನ್ನನದು ಸುಮಾರು 14 ಟನ್. ಆ ಲೆಕ್ಕದಲ್ಲಿ ಭಾರತ ಕೆಳದಂಡೆ. ಒಟ್ಟು ಲೆಕ್ಕದಲ್ಲಿ ಜಗತ್ತಿನ ಮೂರನೇ ಅತಿದೊಡ್ಡ ದೇಶ. ಮುಳುಗುವ ಭಯದಲ್ಲಿರುವ ದ್ವೀಪರಾಷ್ಟ್ರಗಳ ಕಣ್ಣಿಗೆ ಭಾರತವೂ ಮೇಲ್ದಂಡೆಯೇ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಈ ಸಭೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಮೇಲ್ದಂಡೆಯವನು ಸಭೆಗೆ ಬಾರದಿದ್ದರೂ ಅವನ ತೂಬು ಅವನ ಕೈಯಲ್ಲೇ ಇರುತ್ತದೆ. ಅಮೆರಿಕ ಪ್ಯಾರಿಸ್ ಒಪ್ಪಂದದಿಂದ ಹೊರಹೋಯಿತು, ಮರಳಿತು, 2025ರಲ್ಲಿ ಮತ್ತೆ ಹೊರಡುವುದಾಗಿ ಹೇಳಿತು. ಅದರ ಕಾರ್ಖಾನೆಗಳು ನಿಲ್ಲಲಿಲ್ಲ. ಕೆಳದಂಡೆಯವನಿಗೆ ಆ ಸವಲತ್ತಿಲ್ಲ. ಸಭೆಯಲ್ಲಿ ಅವನ ಕೈಯಲ್ಲಿರುವುದು ಮಾತೊಂದೇ.

ಹಾಗೆಂದು ನಾಯಕರು ಬಂದ ಮಾತ್ರಕ್ಕೆ ಮಾತು ನಡೆಯುತ್ತದೆ ಎನ್ನುವಂತಿಲ್ಲ. 2009ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿಗೆ ಮನಮೋಹನ್ ಸಿಂಗ್, ಒಬಾಮಾ, ಚೀನಾದ ವೆನ್ ಜಿಯಾಬಾವೊ ಸೇರಿ ನೂರಕ್ಕೂ ಹೆಚ್ಚು ನಾಯಕರು ಬಂದರು. ಅಧಿಕಾರಿಗಳ ಕರಡು ಕಗ್ಗಂಟಾಗಿದ್ದಾಗ, ಸಭೆಯ ಕೊನೆಯ ದಿನಗಳಲ್ಲಿ ಬಂದರು. ಕೆಲವೇ ನಾಯಕರು ಕೋಣೆಯೊಳಗೆ ಕೂತು ಬರೆದ ಒಪ್ಪಂದವನ್ನು ಮಹಾಸಭೆ ಅಂಗೀಕರಿಸಲಿಲ್ಲ, ಗಮನಕ್ಕೆ ತೆಗೆದುಕೊಂಡೆವು ಎಂದಷ್ಟೇ ಬರೆಯಿತು. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವ ಮಾತು ಅಲ್ಲಿ ಬಂತು. ಆ ಮೊತ್ತ ಮುಟ್ಟಿದ್ದು 2022ರಲ್ಲಿ ಎಂದು ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿಯೇ ಹೇಳಿದೆ.

ಆರು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಕ್ರಮ ತಿರುಗಿತು. 2015ರ ನವೆಂಬರ್ 30ರಂದು, ಮೊದಲ ದಿನವೇ, ಸುಮಾರು 150 ನಾಯಕರು ಬಂದು ತಮ್ಮ ಅಧಿಕಾರಿಗಳಿಗೆ ಒಪ್ಪಂದ ಮಾಡಿಕೊಂಡೇ ಬನ್ನಿ ಎಂಬ ಸೂಚನೆ ಕೊಟ್ಟು ಹೋದರು. ಅದೇ ದಿನ ನರೇಂದ್ರ ಮೋದಿ ಮತ್ತು ಫ್ರಾನ್ಸಿನ ಅಧ್ಯಕ್ಷ ಫ್ರಾಂಸ್ವಾ ಒಲಾಂದ್ ಅಂತರರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿದರು. ಡಿಸೆಂಬರ್ 12ರಂದು ಒಪ್ಪಂದವಾಯಿತು.

ಆ ವರ್ಷವೇ ಗೋದಾವರಿಯಲ್ಲಿ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ನಾಸಿಕದಲ್ಲಿ ಕುಂಭಮೇಳ ಮುಗಿದಿತ್ತು, ಜಾಯಕವಾಡಿ ಬತ್ತಿತ್ತು. ಮೇಲಿನ ಜಲಾಶಯಗಳಿಂದ 12.84 ಟಿಎಂಸಿ ನೀರು ಬಿಡಬೇಕೆಂಬ ಆದೇಶಕ್ಕೆ ನಾಸಿಕದಲ್ಲಿ ಪ್ರತಿಭಟನೆ ಎದ್ದಿತು, ವಿವಾದ ಹೈಕೋರ್ಟಿಗೂ ಹೋಯಿತು. ಆದರೂ ನೀರು ಹರಿಯಿತು. ಕಾರಣ ಯಾವ ನಾಯಕರ ದೊಡ್ಡಮನಸ್ಸೂ ಅಲ್ಲ. ಕೊರತೆಯನ್ನು ನದಿಯ ಉದ್ದಕ್ಕೂ ಸಮನಾಗಿ ಹಂಚಿಕೊಳ್ಳಬೇಕೆಂದು 2005ರ ಮಹಾರಾಷ್ಟ್ರ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ಕಾಯ್ದೆ ಹೇಳಿತ್ತು. ಅದನ್ನು 2014ರ ಸೆಪ್ಟೆಂಬರಿನಲ್ಲಿ ಪ್ರಾಧಿಕಾರ ಒಂದು ಅಂಕಿಯಾಗಿ, ಒಂದು ದಿನಾಂಕವಾಗಿ ಬರೆದಿತ್ತು: ಅಕ್ಟೋಬರ್ 15ರಂದು ಜಾಯಕವಾಡಿಯ ಬಳಕೆಯ ನೀರು ಶೇ 65ಕ್ಕಿಂತ ಕಡಿಮೆಯಿದ್ದರೆ ಮೇಲಿನವರು ಬಿಡಬೇಕು. 2016ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಈ ವ್ಯವಸ್ಥೆಯನ್ನು ಎತ್ತಿಹಿಡಿಯಿತು. 2018ರಲ್ಲೂ 2023ರಲ್ಲೂ ಅದರಂತೆಯೇ ನೀರು ಬಿಡಲಾಯಿತು.

ಪ್ಯಾರಿಸ್ಸಿನ ಕಾಗದದಲ್ಲಿ ಇಲ್ಲದ್ದು ಇದೇ. ಅಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಳ್ಳುತ್ತದೆ. ತಪ್ಪಿದರೆ ತೂಬು ಎತ್ತಿಸುವ ಎಂಜಿನಿಯರೂ ಇಲ್ಲ, ಹೈಕೋರ್ಟೂ ಇಲ್ಲ. ಅಂಥ ಕಡೆ ಮಾತು ಕೊಟ್ಟವನ ಮುಖವೇ ಜಾಮೀನು. 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿಯೇ ನಿಂತು 2070ರ ಹೊತ್ತಿಗೆ ಭಾರತದ ನಿವ್ವಳ ಹೊರಸೂಸುವಿಕೆ ಸೊನ್ನೆಯಾಗುತ್ತದೆ ಎಂದದ್ದಕ್ಕೂ, ಅದೇ ಮಾತನ್ನು ಅಧಿಕಾರಿಯೊಬ್ಬರು ಟಿಪ್ಪಣಿಯಾಗಿ ಸಲ್ಲಿಸುವುದಕ್ಕೂ ತೂಕದಲ್ಲಿ ವ್ಯತ್ಯಾಸವಿದೆ. ಮೊದಲಿನದನ್ನು ಮುಂದಿನ ಸರ್ಕಾರಗಳಿಗೂ ನೆನಪಿಸಬಹುದು.

ಕುರ್ಚಿ ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ಬಾಕು ಸಭೆ ಇದೆ. ಅನೇಕ ದೊಡ್ಡ ದೇಶಗಳ ನಾಯಕರು ಬರಲಿಲ್ಲ, ಭಾರತದ ಪ್ರಧಾನಿಯೂ ಹೋಗಲಿಲ್ಲ. 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ಹಣಕಾಸು ತೀರ್ಮಾನಕ್ಕೆ ಸುತ್ತಿಗೆ ಬಿದ್ದ ಮೇಲೆ ಭಾರತದ ಪ್ರತಿನಿಧಿ ಎದ್ದು ಬಲವಾಗಿ ಆಕ್ಷೇಪಿಸಿದರು. ತೀರ್ಮಾನ ಬದಲಾಗಲಿಲ್ಲ. ಪ್ರಧಾನಿ ಇದ್ದಿದ್ದರೆ ಬದಲಾಗುತ್ತಿತ್ತು ಎಂದು ಯಾರೂ ಹೇಳಲಾರರು. ಸುತ್ತಿಗೆ ಬೀಳುವ ಮೊದಲು ಕೇಳಿಸಬೇಕಾದ ದನಿ ಬಿದ್ದ ಮೇಲೆ ಕೇಳಿಸಿತು ಎಂಬುದಷ್ಟೇ ಸತ್ಯ.

ಇನ್ನೊಂದು ಮಾತನ್ನೂ ಆಡಬೇಕು. ಹೊರಗೆ ನ್ಯಾಯ ಕೇಳುವವನು ಒಳಗೆ ನ್ಯಾಯ ಕೊಡಬೇಕು. 2016ರ ಏಪ್ರಿಲ್ 12ರಂದು ಮೀರಜಿನಿಂದ ನೀರು ಹೊತ್ತ ರೈಲು ಮರಾಠವಾಡಾದ ಲಾತೂರಿಗೆ ಬಂತು. ಹತ್ತೇ ದಿನದ ನಂತರ, ಏಪ್ರಿಲ್ 22ರಂದು, ನ್ಯೂಯಾರ್ಕಿನಲ್ಲಿ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಪ್ಯಾರಿಸ್ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದರು. ಅದೇ ತಿಂಗಳ ಕೊನೆಯಲ್ಲಿ ಹೈಕೋರ್ಟಿನ ಔರಂಗಾಬಾದ್ ಪೀಠ ಮರಾಠವಾಡಾದ ಮದ್ಯ ಮತ್ತು ಬಿಯರ್ ಕಾರ್ಖಾನೆಗಳ ನೀರನ್ನು ಶೇ 60ರವರೆಗೆ ಕಡಿತ ಮಾಡಲು ಆದೇಶಿಸಬೇಕಾಯಿತು. ಸಂಭಾಜಿನಗರದ ನಲ್ಲಿಗಳಲ್ಲಿ ಹಲವು ದಿನಗಳಿಗೊಮ್ಮೆ ನೀರು ಬರುವ ಪಾಡಿಗೆ ನಾಸಿಕವೊಂದನ್ನೇ ದೂರುವಂತಿಲ್ಲ. ನಾಥಸಾಗರ ತುಂಬಿದ ವರ್ಷಗಳಲ್ಲೂ ಆ ಪಾಡು ತಪ್ಪಿಲ್ಲ, ಹಳೆಯ ಕೊಳವೆಗಳೂ ಅದಕ್ಕೆ ಕಾರಣ. ಇದನ್ನು ಯಾವ ಶೃಂಗಸಭೆಯೂ ಸರಿಪಡಿಸದು.

ಮೇಲ್ದಂಡೆಯಾದರೂ ಸುರಕ್ಷಿತವೇ? 2023ರ ನವೆಂಬರ್ ಕೊನೆಯ ವಾರ ನಾಸಿಕ ಜಿಲ್ಲೆಯ ದ್ರಾಕ್ಷಿ ತೋಟಗಳ ಮೇಲೆ ಅಕಾಲದ ಮಳೆ, ಆಲಿಕಲ್ಲು ಸುರಿಯಿತು. ಅದೇ ಸುಮಾರಿಗೆ ಅಲ್ಲಿಯ ಜಲಾಶಯಗಳಿಂದ ಜಾಯಕವಾಡಿಗೆ ನೀರು ಹರಿಯುತ್ತಿತ್ತು. ನವೆಂಬರ್ 30ರಂದು ದುಬೈಯಲ್ಲಿ ಹವಾಮಾನ ಶೃಂಗಸಭೆ ತೆರೆಯಿತು, ಹವಾಮಾನದಿಂದ ನಷ್ಟಕ್ಕೊಳಗಾದ ದೇಶಗಳಿಗೆ ನೆರವು ಕೊಡುವ ನಿಧಿ ಮೊದಲ ದಿನವೇ ಚಾಲನೆಗೆ ಬಂತು. ಮರುದಿನ ಭಾರತದ ಪ್ರಧಾನಿ ಅಲ್ಲಿ ಮಾತನಾಡಿದರು. ದ್ರಾಕ್ಷಿ ಕಳೆದುಕೊಂಡ ನಿಫಾಡದ ರೈತನೂ ನೀರಿಗೆ ಕಾದ ಪೈಠಣದ ರೈತನೂ ಜಗತ್ತಿನ ಲೆಕ್ಕದಲ್ಲಿ ಒಂದೇ ದಂಡೆಯವರು. ಅವರಿಬ್ಬರ ಪರವಾಗಿ ಒಬ್ಬರೇ ಮಾತನಾಡಬಹುದಾದ ಜಾಗ ಅದೊಂದೇ.

ಆದ್ದರಿಂದ ನಾಯಕರು ಹೋಗಬೇಕು. 80 ಸಾವಿರಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ ದುಬೈ ಜಾತ್ರೆಯಂಥವನ್ನು ಕಿರಿದು ಮಾಡಲಿ, ಜತೆಗೆ ಹೋಗುವವರನ್ನು ಕಡಿಮೆ ಮಾಡಲಿ, ಆದರೆ ಕೆಳದಂಡೆಯ ದೇಶದ ಕುರ್ಚಿ ಖಾಲಿ ಇರಬಾರದು. ಹೋಗಿ ಬಂದವರನ್ನು ಯಾಕೆ ಹೋದಿರಿ ಎಂದು ಕೇಳುವುದಕ್ಕಿಂತ ಎಷ್ಟು ಶೇಕಡಾ, ಯಾವ ತಾರೀಖಿಗೆ, ತಪ್ಪಿದರೆ ಯಾರು ಕೇಳುತ್ತಾರೆ ಎಂದು ಕೇಳುವುದು ಉಪಯುಕ್ತ. ಗೋದಾವರಿಯ ಎರಡು ಜಿಲ್ಲೆಗಳು ಬೈದಾಡಿಕೊಂಡು, ಕೋರ್ಟು ಹತ್ತಿ, ಕೊನೆಗೆ ಪಡೆದುಕೊಂಡದ್ದು ಈ ಮೂರಕ್ಕೆ ಉತ್ತರವನ್ನೇ.