ಕುವೈತಿನ ಎಲ್‌ಪಿ, ಬರ್ಲಿನ್‌ನ ಲೇಬಲ್, ನಮ್ಮ ಕ್ಯಾಸೆಟ್

ಗಲ್ಫ್ ದೇಶಗಳ ಇತಿಹಾಸ ಎಂದರೆ ಮೊದಲು ತೈಲ, ಆಮೇಲೆ ಕಟ್ಟಡ. ಇಲ್ಲಿಗೆ ದುಡಿಯಲು ಬಂದವರು ಹಾಡಿದ ಹಾಡುಗಳನ್ನು ಆ ಇತಿಹಾಸದಲ್ಲಿ ಯಾರೂ ಬರೆಯುವುದಿಲ್ಲ. ಹಾಗೆ ಮರೆತುಹೋಗಿ, ಮತ್ತೆ ಸಿಕ್ಕಿದ ಒಂದು ರೆಕಾರ್ಡಿನ ಕಥೆ ಇದು.

1980ರಲ್ಲಿ ಕುವೈತಿನ ಬೂಜೈದ್‌ಫೋನ್ ಎಂಬ ಕಂಪನಿ ‘ಜಾಝ್, ಜಾಝ್, ಜಾಝ್’ ಎಂಬ ಎಲ್‌ಪಿಯನ್ನು ಹೊರತಂದಿತು. ಹಾಡಿದವರು ಕುವೈತಿನವರಲ್ಲ, ಸುಡಾನಿನ ಸೈಫ್ ಅಬು ಬಕರ್ ಮತ್ತು ‘ದಿ ಸ್ಕಾರ್ಪಿಯನ್ಸ್’ ತಂಡದವರು. ಸುಡಾನಿಗರು ‘ಜಾಝ್’ ಎನ್ನುವುದು ಅಮೆರಿಕದ ಜಾಝ್‌ಗೆ ಅಲ್ಲ. ಊರಿನ ಧಾಟಿಗೆ ಎಲೆಕ್ಟ್ರಿಕ್ ಗಿಟಾರ್, ಸ್ಯಾಕ್ಸೊಫೋನ್, ಡ್ರಮ್ಸ್ ಸೇರಿಸಿ ಕುಣಿಯುವಂತೆ ನುಡಿಸುವ ಸಂಗೀತಕ್ಕೆ ಅಲ್ಲಿ ಆ ಹೆಸರು. ಅದರ ದೊರೆ ಎಂದು ಹೆಸರಾದವರು ಶರ್ಹಬೀಲ್ ಅಹ್ಮದ್. ಅವರ ತಂಡದಲ್ಲಿ ಪತ್ನಿ ಝಕಿಯಾ ಕೂಡ ಗಿಟಾರ್ ನುಡಿಸುತ್ತಿದ್ದರು.

1989ರಲ್ಲಿ ಸುಡಾನಿನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಸಂಗೀತಗಾರರಿಗೆ ಕಷ್ಟಕಾಲ ಬಂತು. ಹಲವರು ದೇಶ ಬಿಟ್ಟರು, ಕೆಲವರು ಹಾಡುವುದನ್ನೇ ಬಿಟ್ಟರು. ಕುವೈತಿನ ಆ ಎಲ್‌ಪಿ ಮಾತ್ರ ಹಳೆಯ ರೆಕಾರ್ಡ್ ಕೂಡಿಡುವವರ ಕೈಯಲ್ಲಿ ದುಬಾರಿ ಸರಕಾಯಿತು. ಮಾರಿದವರಿಗೆ ದುಡ್ಡು ಬಂತು, ಹಾಡಿದವರಿಗೆ ಬರಲಿಲ್ಲ.

2018ರಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿದ್ದು ಬರ್ಲಿನ್‌ನ ‘ಹಬೀಬಿ ಫಂಕ್’ ಎಂಬ ಸಣ್ಣ ಸ್ವತಂತ್ರ ಲೇಬಲ್. ಹಬೀಬಿ ಎಂದರೇನು ಎಂದು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ! ಯಾನಿಸ್ ಸ್ಟೂರ್ಟ್ಸ್ ಎಂಬ ಜರ್ಮನ್ ಯುವಕ 2015ರಲ್ಲಿ ಇದನ್ನು ಶುರು ಮಾಡಿದರು. ಮೊರಾಕೊಗೆ ಹೋಗಿದ್ದಾಗ ಕಾಸಾಬ್ಲಾಂಕಾದ ಹಳೆಯ ಅಂಗಡಿಯೊಂದರಲ್ಲಿ ಅವರಿಗೆ ಫದೂಲ್ ಎಂಬ ಗಾಯಕನ ರೆಕಾರ್ಡ್ ಸಿಕ್ಕಿತ್ತು. ಜೇಮ್ಸ್ ಬ್ರೌನ್‌ನ ಹಾಡನ್ನು ಅರಬಿಯಲ್ಲಿ ತನ್ನದೇ ಗತ್ತಿನಲ್ಲಿ ಹಾಡಿದವನು ಫದೂಲ್. ಹುಡುಕಿಕೊಂಡು ಹೋಗುವ ಹೊತ್ತಿಗೆ ಆತ ತೀರಿಕೊಂಡಿದ್ದ. ಆದರೂ ಸ್ಟೂರ್ಟ್ಸ್ ಊರಲ್ಲಿ ವಿಚಾರಿಸಿ ಕುಟುಂಬವನ್ನು ಪತ್ತೆ ಮಾಡಿ, ಅವರ ಒಪ್ಪಿಗೆ ಪಡೆದ ಮೇಲೆಯೇ ರೆಕಾರ್ಡ್ ತಂದರು.

ಮುಂದೆಯೂ ಇದೇ ಕ್ರಮ. ಹಾಡಿನ ಹಕ್ಕನ್ನು ಲೇಬಲ್ ಕೊಂಡುಕೊಳ್ಳುವುದಿಲ್ಲ, ಪರವಾನಗಿ ಮಾತ್ರ ಪಡೆಯುತ್ತದೆ. ಲಾಭದಲ್ಲಿ ಅರ್ಧ ಕಲಾವಿದರಿಗೆ ಅಥವಾ ಅವರ ಕುಟುಂಬಕ್ಕೆ. ರೆಕಾರ್ಡಿನ ಜತೆಗೆ ಬರುವ ಪುಸ್ತಿಕೆಯಲ್ಲಿ ಹಾಡಿದವರ ಫೋಟೊ, ಅವರ ಮಾತು, ಅವರ ಕಾಲದ ವಿವರ ಇರುತ್ತವೆ. ಸುಡಾನಿನ ಕಮಾಲ್ ಕೈಲಾ 1992ರಲ್ಲಿ ಹಾಡಿದ್ದ ಟೇಪುಗಳು ‘ಮುಸ್ಲಿಮ್ಸ್ ಆ್ಯಂಡ್ ಕ್ರಿಶ್ಚಿಯನ್ಸ್’ ಎಂಬ ಹೆಸರಿನ ಆಲ್ಬಮ್ ಆಗಿ ಹೊರಬಂದದ್ದು 2018ರಲ್ಲಿ. ಅಂತರ್ಯುದ್ಧದ ನಡುವೆ ಒಗ್ಗಟ್ಟನ್ನು ಕೇಳಿದ ದನಿ ಜಗತ್ತಿನ ಕಿವಿ ತಲುಪಲು 26 ವರ್ಷ ಹಿಡಿಯಿತು.

ಅಭಿಮಾನಿಗಳಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವವರೇ ಅಲ್ಲ. ಅರಬ್ ಮತ್ತು ಆಫ್ರಿಕಾದ ಹಾಡುಗಳಲ್ಲಿ ಯಾವುದು ಉಳಿಯಬೇಕು ಎಂದು ಯುರೋಪಿನವರು ಆರಿಸುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಬಗೆಬಗೆಯ ಸಂಗೀತಕ್ಕೆಲ್ಲ ‘ಫಂಕ್’ ಎಂಬ ಒಂದೇ ಚೀಟಿ ಅಂಟಿಸುವುದು ತಪ್ಪಲ್ಲವೇ ಎಂದೂ ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಹೊರಗಿನವರು ಬಂದು ಆರಿಸಬಾರದು ಎನ್ನುವುದಾದರೆ, ಒಳಗಿನವರು ಎತ್ತಿಡುವ ಕೆಲಸ ಮಾಡಿರಬೇಕು.

ಈ ಮಾತು ನಮಗೂ ತಾಗುತ್ತದೆ. 1970ರ ದಶಕದಿಂದ ಗಲ್ಫ್‌ಗೆ ಬಂದ ನಮ್ಮ ಹಿರಿಯರು ರಜೆಗೆ ಊರಿಗೆ ಹೋಗುವಾಗ ಹೊತ್ತೊಯ್ದದ್ದು ಟೂ-ಇನ್-ಒನ್. ಆ ಯಂತ್ರ ಮನೆಮನೆಗೆ ಬಂದದ್ದರಿಂದಲೇ ಭಾರತದಲ್ಲಿ ಕ್ಯಾಸೆಟ್‌ಗೆ ಮಾರುಕಟ್ಟೆ ಬೆಳೆಯಿತು. ಎಚ್‌ಎಂವಿಯ ಏಕಸ್ವಾಮ್ಯ ಮುರಿದು, ಸಣ್ಣ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಯಕ್ಷಗಾನ, ತಾಳಮದ್ದಳೆ, ತುಳು ನಾಟಕ, ಕೊಂಕಣಿ ಹಾಡು, ಭಾವಗೀತೆ ಎಲ್ಲವೂ ಕ್ಯಾಸೆಟ್ ಆಗಿ, ಮತ್ತೆ ನಮ್ಮವರ ಪೆಟ್ಟಿಗೆ ಸೇರಿ ಕಡಲು ದಾಟಿ ಬಂದವು.

ಆ ಕ್ಯಾಸೆಟ್‌ಗಳು ಈಗ ಎಲ್ಲಿವೆ? ಹೆಚ್ಚಿನವು ಅಟ್ಟದ ಮೇಲೆ. ಕರಾವಳಿಯ ತೇವಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತದೆ, ದನಿ ಮಾಸುತ್ತದೆ. ಹಾಗೆಂದು ಸಿಕ್ಕಿದ್ದನ್ನೆಲ್ಲ ಯೂಟ್ಯೂಬ್‌ಗೆ ಏರಿಸುವಂತೆಯೂ ಇಲ್ಲ. ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. 1985ರ ಕ್ಯಾಸೆಟ್‌ನ ಹಕ್ಕು 2045ರ ಕೊನೆಯವರೆಗೂ ಇದೆ.

ಲೇಬಲ್ ಕಟ್ಟುವುದು ಎಲ್ಲರಿಂದ ಆಗುವ ಕೆಲಸವಲ್ಲ. ಆದರೆ ಮುಂದಿನ ರಜೆಯಲ್ಲಿ ಅಟ್ಟದ ಪೆಟ್ಟಿಗೆ ಇಳಿಸಿ, ಪ್ರತಿ ಕ್ಯಾಸೆಟ್‌ನ ಹೆಸರು, ವರ್ಷ, ಕಂಪನಿ ಬರೆದುಕೊಳ್ಳಬಹುದು. ಭಾಗವತರು ಯಾರು, ಮದ್ದಳೆ ಯಾರದು, ಅರ್ಥಧಾರಿಗಳು ಯಾರು ಎಂದು ತಿಳಿದ ಹಿರಿಯರು ಇನ್ನೂ ಇದ್ದಾರೆ; ಅವರನ್ನು ಕೇಳಬಹುದು. ಕಾಸಾಬ್ಲಾಂಕಾದಲ್ಲಿ ಸ್ಟೂರ್ಟ್ಸ್ ಕೈಗೆ ಮೊದಲು ಸಿಕ್ಕಿದ್ದೂ ರೆಕಾರ್ಡಿನ ಮೇಲಿದ್ದ ಒಂದು ಹೆಸರೇ. ಹೆಸರು ಉಳಿದರೆ, ಹಾಡಿದವರ ಮನೆಯ ಬಾಗಿಲನ್ನು ಎಂದಾದರೂ ಯಾರಾದರೂ ತಟ್ಟಬಹುದು.